ನೀಲ್ ಯಂಗ್‌ನ ಅಷ್ಟೂ ಆಲ್ಬಂ ಕೇಳಿ ಮುಗಿಸುವುದು ಹೇಗೆ: ತುಮಕೂರು ರೈಲಿನ ಲೆಕ್ಕ

1994ರಲ್ಲಿ ಅಣ್ಣ ಬೆಂಗಳೂರಿನ ಹಾಸ್ಟೆಲ್‌ನಿಂದ ಒಂದು ಕ್ಯಾಸೆಟ್ ತಂದ. ಅರವತ್ತು ನಿಮಿಷದ್ದು. ಒಂದು ಕಡೆ ರಾಕ್ ಹಾಡುಗಾರ ನೀಲ್ ಯಂಗ್‌ನ ಹಾರ್ವೆಸ್ಟ್ ಅನ್ನುವ ಆಲ್ಬಂ, ಇನ್ನೊಂದು ಕಡೆ ಯಾರದೋ ಗಜಲ್. ರೂಂಮೇಟ್ ರೆಕಾರ್ಡ್ ಮಾಡಿಕೊಟ್ಟಿದ್ದಂತೆ. ಹಾರ್ವೆಸ್ಟ್ ಇದ್ದ ಕಡೆ ಕೊನೆಗೆ ಒಂದು ಪುಟ್ಟ ಹಾಡು ಬರುತ್ತಿತ್ತು, ಬರೀ ಗಿಟಾರ್ ಮತ್ತು ದನಿ. ಅದು ಮುಗಿದ ಕೂಡಲೇ ಜನ ಚಪ್ಪಾಳೆ ಹೊಡೆಯುತ್ತಾರೆ, ಟೇಪು ಟಕ್ ಅಂತ ನಿಲ್ಲುತ್ತದೆ. ಎಷ್ಟು ಚಂದ ಮುಗಿಸಿದ್ದಾನೆ ಅಂದುಕೊಂಡಿದ್ದೆ. ಮೂವತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಹಾರ್ವೆಸ್ಟ್ ಇರುವುದು 37 ನಿಮಿಷ. ಕ್ಯಾಸೆಟ್ಟಿನ ಒಂದು ಮಗ್ಗುಲು ಹಿಡಿಯುವುದು 30. ಆ ಚಪ್ಪಾಳೆ ಆದಮೇಲೆ ‘ವರ್ಡ್ಸ್’ ಅಂತ ಆರೂಮುಕ್ಕಾಲು ನಿಮಿಷದ ಇನ್ನೊಂದು ಹಾಡಿದೆ. ಚಪ್ಪಾಳೆಯನ್ನು ನಡುವೆಯೇ ಕತ್ತರಿಸಿಕೊಂಡು ಶುರುವಾಗುತ್ತದೆ. ಆಲ್ಬಂ ಮುಗಿಯುವುದು ಅಲ್ಲಿ. 2024ರ ಜೂನ್‌ನಲ್ಲಿ ಇದು ಗೊತ್ತಾದಾಗ ಮೊದಲು ನಗು ಬಂತು, ಆಮೇಲೆ ಸಿಟ್ಟು. ಕಂಠಪಾಠ ಅಂದುಕೊಂಡಿದ್ದ ಒಂದೇ ಒಂದು ಆಲ್ಬಂನ ಕಥೆ ಹೀಗಾದರೆ, ಮಿಕ್ಕ ನಲವತ್ತು ಚಿಲ್ಲರೆಯ ಗತಿ ಏನು? ಅವತ್ತು ರಾತ್ರಿಯೇ ಪಟ್ಟಿ ಬರೆಯಲು ಕೂತೆ. ಒಂದು ವರ್ಷ ಹಿಡಿಯಿತು. ಹೇಗೆ ಮಾಡಿದೆ, ಎಲ್ಲಿ ಎಡವಿದೆ ಅನ್ನೋದು ಇಲ್ಲಿದೆ. ನಿಮ್ಮ ಹಾಡುಗಾರ ಬೇರೆ ಇರಬಹುದು, ಕೆಲಸ ಅದೇ.

ಎಂಬತ್ತರ ಮನುಷ್ಯನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ ಅಂತ ಬೇಜಾರು ಬೇಡ. ವರ್ಷವಿಡೀ ಕಿವಿಯಲ್ಲೇ ಕೂತಿದ್ದವನಿಗೆ ಬಹುವಚನ ಬಾಯಿಗೆ ಬರುವುದಿಲ್ಲ.

ಮೊದಲು, ಯಾರನ್ನು ಆರಿಸಿಕೊಳ್ಳಬೇಕು. ಈಗಾಗಲೇ ನಿಮಗೆ ಒಂದು ಆಲ್ಬಂ ಇಷ್ಟ ಆಗಿರಬೇಕು. ದೊಡ್ಡ ಹೆಸರು, ಕೇಳಲೇಬೇಕು ಅಂತ ಮರ್ಯಾದೆಗೆ ಆರಿಸಿಕೊಂಡರೆ ಮೂರನೇ ವಾರಕ್ಕೆ ನಿಲ್ಲಿಸುತ್ತೀರಿ. ಅಭ್ಯಾಸ ಇಲ್ಲದಿದ್ದರೆ ಡೈರ್ ಸ್ಟ್ರೇಟ್ಸ್ ಅನ್ನುವ ರಾಕ್ ತಂಡದಿಂದ ಕೈ ಪಳಗಿಸಿಕೊಳ್ಳಿ, ಸ್ಟುಡಿಯೋ ಆಲ್ಬಂ ಇರುವುದೇ ಆರು. ನಮ್ಮ ಆಫೀಸಿನ ಹುಡುಗನೊಬ್ಬ 2007ರಲ್ಲಿ ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ನೋಡಿ ಬಂದವನು, ಇವತ್ತಿಗೂ ಅದೇ ಟೀ ಶರ್ಟು. ಅವನಿಗೆ ಹೇಳಿದೆ: ನಿಮ್ಮವರದು ಹದಿನೇಳೇ ಕಣಪ್ಪ, ವಾರಕ್ಕೊಂದು ಅಂದರೆ ನಾಲ್ಕು ತಿಂಗಳು.

ಪಟ್ಟಿ ಬರೆಯುವುದು ಸುಲಭ ಅನಿಸುತ್ತದೆ. ಅಲ್ಲ. ಹಳೆಯ ರಾಕ್ ಹಾಡುಗಾರರ ಹೆಸರಲ್ಲಿ ಲೈವ್ ಆಲ್ಬಂ, ಆಯ್ದ ಹಾಡುಗಳ ಸಂಗ್ರಹ, ಪೆಟ್ಟಿಗೆಯಿಂದ ತೆಗೆದ ಹಳೆಯ ಟೇಪು ಎಲ್ಲ ಸೇರಿ ನೂರಾರು ಇರುತ್ತವೆ. ಎಲ್ಲಾದರೂ ಗೆರೆ ಎಳೆಯಲೇಬೇಕು. ನನ್ನ ಗೆರೆ ಇಷ್ಟೇ: ಹೊಸ ಹಾಡು ಇದ್ದರೆ ಲೆಕ್ಕಕ್ಕೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ 1973ರ ಟೈಮ್ ಫೇಡ್ಸ್ ಅವೇ ಸ್ಟೇಜ್ ಮೇಲೆ ರೆಕಾರ್ಡ್ ಆದದ್ದಾದರೂ ಪಟ್ಟಿಯಲ್ಲಿದೆ, ಯಾಕಂದರೆ ಅದರ ಹಾಡೆಲ್ಲ ಹೊಸದು. 1979ರ ಲೈವ್ ರಸ್ಟ್ ಪಟ್ಟಿಯಲ್ಲಿಲ್ಲ. ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಜೊತೆ ಮಾಡಿದ್ದನ್ನು, ಅದಕ್ಕೂ ಮೊದಲು ಅವನಿದ್ದ ಬಫಲೋ ಸ್ಪ್ರಿಂಗ್‌ಫೀಲ್ಡ್ ತಂಡದ್ದನ್ನು ಅಂಚಿನಲ್ಲಿ ಬರೆದುಕೊಂಡೆ, ಬಿಡುವಾದಾಗ ಕೇಳಲು. ನಿಮ್ಮ ಗೆರೆ ಬೇರೆ ಇರಬಹುದು. ಆದರೆ ಶುರು ಮಾಡುವ ಮುಂಚೆ ಎಳೆಯಿರಿ, ಆಮೇಲೆ ಅಳಿಸಬೇಡಿ.

ಒಂದೇ ಆ್ಯಪ್ ನಂಬಿ ಕೂರಬೇಡಿ. ನೀಲ್ 2022ರ ಜನವರಿಯಲ್ಲಿ ಸ್ಪಾಟಿಫೈನಿಂದ ತನ್ನ ಹಾಡುಗಳನ್ನೆಲ್ಲ ತೆಗೆಸಿಬಿಟ್ಟ. ಕೋವಿಡ್ ಲಸಿಕೆ ಬಗ್ಗೆ ಅಲ್ಲಿನ ಒಂದು ಪಾಡ್‌ಕಾಸ್ಟ್‌ನಲ್ಲಿ ತಪ್ಪು ಮಾಹಿತಿ ಹರಡುತ್ತಿದೆ ಅನ್ನುವುದು ಅವನ ತಕರಾರು. ಮತ್ತೆ ಬಂದದ್ದು 2024ರ ಮಾರ್ಚ್‌ನಲ್ಲಿ. ಇಷ್ಟು ಹಟಮಾರಿಯ ಹಾಡು ಕೇಳುವವರು ಹಟಕ್ಕೆ ತಯಾರಾಗಿರಬೇಕು. ಟೈಮ್ ಫೇಡ್ಸ್ ಅವೇ ಅವನಿಗೇ ಇಷ್ಟವಿರಲಿಲ್ಲ, 2017ರವರೆಗೆ ಅದರ ಸಿಡಿಯೇ ಬಂದಿರಲಿಲ್ಲ. ಇನ್ನೊಂದು ಹಳೆಯ ಆಲ್ಬಂ ಆನ್ ದ ಬೀಚ್‌ನ ಸಿಡಿ ಬಂದದ್ದು 2003ರಲ್ಲಿ. ಅಂದರೆ ಅಣ್ಣನ ಹಾಸ್ಟೆಲ್ ಕಾಲದಲ್ಲಿ ಇಡೀ ಪಟ್ಟಿ ಕೇಳುತ್ತೇನೆ ಅಂದಿದ್ದರೂ ಸಿಗುತ್ತಿರಲಿಲ್ಲ.

ಈಗ ಸಮಯದ ಮಾತು. ನಾನು ತುಮಕೂರಿನಿಂದ ಯಶವಂತಪುರಕ್ಕೆ ದಿನಾ ಓಡಾಡುತ್ತೇನೆ, ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಬೆಳಗಿನ ರೈಲು ಹೆಚ್ಚು ಕಡಿಮೆ ಒಂದೂಕಾಲು ಗಂಟೆ. ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ಕಾಲದ ಆಲ್ಬಂ ನಲವತ್ತು ನಿಮಿಷ. ಇದಕ್ಕಿಂತ ಒಳ್ಳೆ ಅಳತೆ ಬೇಕಾ? ವಾರಕ್ಕೆ ಒಂದು ಆಲ್ಬಂ, ಬೆಳಗ್ಗೆ ಮಾತ್ರ. ಸಂಜೆ ವಾಪಸ್ ಬರುವಾಗ ಪಿ.ಬಿ. ಶ್ರೀನಿವಾಸ್. ಕಿವಿಗೂ ಊಟ ಆದಮೇಲೆ ಎಲೆ ಅಡಿಕೆ ಬೇಕಲ್ವಾ.

ಸೋಮವಾರ ಸುಮ್ನೆ ಕೇಳುವುದು. ಫೋನ್ ಚೀಲದಲ್ಲಿ, ಕಣ್ಣು ಕಿಟಕಿಯಲ್ಲಿ. ಮಂಗಳವಾರ ಮತ್ತೆ ಅದೇ. ಬುಧವಾರ ಸಾಹಿತ್ಯ ತೆರೆದಿಟ್ಟುಕೊಂಡು ಕೇಳುತ್ತಿದ್ದೆ, ಯಾಕಂದರೆ ಇವನು ಮೂಗಿನಲ್ಲಿ ಹಾಡುವವನು, ಎಷ್ಟೋ ಪದ ಹಿಡಿಯೋಕೇ ಆಗಲ್ಲ. ಗುರುವಾರ ರಜೆ. ಶುಕ್ರವಾರ ಕೊನೆಯ ಸಲ ಕೇಳಿ, ಪುಸ್ತಕದಲ್ಲಿ ಬರೆದು ಮುಚ್ಚುವುದು. ಮೂರು ಸಲಕ್ಕಿಂತ ಕಡಿಮೆ ಕೇಳಿ ಒಂದು ಆಲ್ಬಂ ಬಗ್ಗೆ ಮಾತಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹತ್ತು ಸಲ ಕೇಳುತ್ತಾ ಕೂತರೂ ಈ ಜನ್ಮಕ್ಕೆ ಮುಗಿಯುವುದಿಲ್ಲ.

ಶಫಲ್ ಆಫ್ ಮಾಡಿ. ಆಟೋಪ್ಲೇ ಆಫ್ ಮಾಡಿ, ಇಲ್ಲದಿದ್ದರೆ ಆಲ್ಬಂ ಮುಗಿದದ್ದೇ ಗೊತ್ತಾಗದೆ ಇನ್ನಾರದೋ ಹಾಡು ಶುರುವಾಗಿರುತ್ತದೆ. ಡಿಲಕ್ಸ್ ಎಡಿಷನ್ ಸಿಕ್ಕರೆ ಮೂಲ ಎಲ್‌ಪಿಯಲ್ಲಿ ಯಾವ ಹಾಡು ಕೊನೆಗಿತ್ತು ಅಂತ ನೋಡಿಕೊಂಡು ಅಲ್ಲಿಗೇ ನಿಲ್ಲಿಸಿ. ಎಲ್ಲಿ ನಿಲ್ಲುತ್ತದೆ ಅನ್ನುವುದೂ ಆಲ್ಬಂನ ಭಾಗವೇ. ಚಪ್ಪಾಳೆ ಕ್ಯಾಸೆಟ್ಟಿನವಳು ಹೇಳುತ್ತಿದ್ದೇನೆ, ನಂಬಿ.

ಇನ್ನೊಂದು ಸಣ್ಣ ಉಪಾಯ. ಎಲ್‌ಪಿಗೆ ಎರಡು ಮಗ್ಗುಲು ಇತ್ತು. ಮೊದಲನೆಯದು ಮುಗಿದರೆ ಎದ್ದು ಹೋಗಿ ತಿರುಗಿಸಬೇಕಿತ್ತು. ಹಾಡುಗಾರರು ಆ ಬಿಡುವನ್ನು ಲೆಕ್ಕ ಹಾಕಿಯೇ ಹಾಡು ಜೋಡಿಸುತ್ತಿದ್ದರು. ನನ್ನ ರೈಲಿನಲ್ಲಿ ಮೊದಲ ಮಗ್ಗುಲು ಮುಗಿಯುವ ಹೊತ್ತಿಗೆ ದಾಬಸ್‌ಪೇಟೆ ಬರುತ್ತದೆ. ಅಲ್ಲಿ ಇಯರ್‌ಫೋನ್ ತೆಗೆದು ಎರಡು ನಿಮಿಷ ಜನರ ಗಲಾಟೆ ಕೇಳುತ್ತೇನೆ. 1979ರ ರಸ್ಟ್ ನೆವರ್ ಸ್ಲೀಪ್ಸ್ ಕೇಳುವಾಗ ಇದರ ಬೆಲೆ ಗೊತ್ತಾಯಿತು. ಮೊದಲ ಮಗ್ಗುಲು ಪೂರ್ತಿ ಮೆತ್ತನೆ ಗಿಟಾರ್. ಎರಡನೆಯದು ಪೂರ್ತಿ ಕರೆಂಟು ಗಿಟಾರ್, ಕಿವಿ ಗುಂಯ್ ಅನ್ನುತ್ತದೆ. ಮೊದಲ ಹಾಡು ಮತ್ತು ಕೊನೆಯ ಹಾಡು ಒಂದೇ, ಮಾತು ಅಲ್ಲಲ್ಲಿ ಬೇರೆ, ಅವತಾರ ಪೂರ್ತಿ ಬೇರೆ. ನಡುವೆ ದಾಬಸ್‌ಪೇಟೆ ಇಲ್ಲದೆ ಒಂದೇ ಉಸಿರಿಗೆ ಕೇಳಿದರೆ ಈ ಏರ್ಪಾಡು ತಿಳಿಯುವುದೇ ಇಲ್ಲ.

ಪುಸ್ತಕ ಅಂದೆನಲ್ಲ. ಉದ್ದನೆಯ ಲೆಕ್ಕದ ಪುಸ್ತಕ, ಕೆಂಪು ಬಟ್ಟೆಯ ಬೆನ್ನಿರುವಂಥದ್ದು. ನಾಲ್ಕು ಕಾಲಂ ಎಳೆದೆ: ಆಲ್ಬಂ ಮತ್ತು ವರ್ಷ, ಕಿವಿಯಲ್ಲಿ ಉಳಿದ ಹಾಡು, ಯಾರು ನುಡಿಸಿದ್ದು, ಒಂದು ಸಾಲು. ಅಂಕ ಕೊಡುವ ಕಾಲಂ ಇಲ್ಲ. ಮೊದಲು ಇತ್ತು, ಮೂರನೇ ವಾರ ಹೊಡೆದು ಹಾಕಿದೆ. ಏಳೂವರೆ ಕೊಡಲಾ ಎಂಟು ಕೊಡಲಾ ಅಂತ ಯೋಚಿಸುತ್ತಾ ಹಾಡು ಕೇಳುವುದೇ ಮರೆತುಹೋಗುತ್ತಿತ್ತು.

ಆ ‘ಯಾರು ನುಡಿಸಿದ್ದು’ ಕಾಲಂ ಮಾತ್ರ ಯಾರೂ ಬಿಡಬೇಡಿ. ಅದಿಲ್ಲದಿದ್ದರೆ ಇಷ್ಟೆಲ್ಲ ಕೇಳುವುದು ಬರೀ ಸಂಖ್ಯೆ ತುಂಬಿಸುವ ಕೆಲಸ. 1970ರ ಆಫ್ಟರ್ ದ ಗೋಲ್ಡ್ ರಷ್‌ನಲ್ಲಿ ಪಿಯಾನೋ ನುಡಿಸಿದ್ದು ನಿಲ್ಸ್ ಲಾಫ್‌ಗ್ರೆನ್ ಅಂತ ಬರೆದುಕೊಂಡೆ. ಆಗ ಅವನಿಗೆ ಹದಿನೆಂಟು, ಅಸಲಿಗೆ ಗಿಟಾರ್‌ನವನು. ತಿಂಗಳುಗಳ ಮೇಲೆ 2019ರ ಕೊಲೊರಾಡೋ ಬಂದಾಗ ಅದೇ ಹೆಸರು ಮತ್ತೆ! ಪುಟ ತಿರುಗಿಸಿ ನೋಡಿದೆ, ನಡುವೆ ಅರ್ಧ ಶತಮಾನ. ಬೆನ್ ಕೀತ್ ಅನ್ನುವವನು ಹಾರ್ವೆಸ್ಟ್‌ಗೆ ಪೆಡಲ್ ಸ್ಟೀಲ್ ಅನ್ನುವ ಒಂದು ಬಗೆಯ ಗಿಟಾರ್ ನುಡಿಸಲು ನ್ಯಾಶ್‌ವಿಲ್‌ನಲ್ಲಿ ಬಂದು ಕೂತ. ಆಮೇಲೆ 2010ರಲ್ಲಿ ಸಾಯುವವರೆಗೂ ನೀಲ್‌ನ ಒಡನಾಟ ಬಿಡಲಿಲ್ಲ. ನನ್ನ ಪುಸ್ತಕದಲ್ಲಿ ಅವನ ಹೆಸರು ಎಷ್ಟು ಸಲ ಇದೆ ಅಂದರೆ ಕೊನೆಕೊನೆಗೆ ಬರೀ ‘ಬೆ.ಕೀ.’ ಅಂತ ಬರೆಯುತ್ತಿದ್ದೆ.

ಡ್ಯಾನಿ ವಿಟನ್ ಗೊತ್ತಾದದ್ದೂ ಈ ಕಾಲಂನಿಂದಲೇ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಆಲ್ಬಂಗಳನ್ನು ಬಂದ ಕ್ರಮದಲ್ಲೇ ಕೇಳಿ ಅಂತ ಹೇಳಲು ನನಗೆ ಇದಕ್ಕಿಂತ ದೊಡ್ಡ ಕಾರಣ ಸಿಕ್ಕಿಲ್ಲ.

ಎರಡನೇ ವಾರ, 1969ರ ಎವ್ರಿಬಡಿ ನೋಸ್ ದಿಸ್ ಈಸ್ ನೋವೇರ್. ಕ್ರೇಜಿ ಹಾರ್ಸ್ ಅನ್ನುವ ತಂಡ ಇವನ ಜೊತೆ ಸೇರಿದ ಮೊದಲ ಆಲ್ಬಂ. ‘ಡೌನ್ ಬೈ ದ ರಿವರ್’ ಒಂಬತ್ತು ನಿಮಿಷ, ‘ಕೌಗರ್ಲ್ ಇನ್ ದ ಸ್ಯಾಂಡ್’ ಹತ್ತು ನಿಮಿಷ. ಇಯರ್‌ಫೋನ್ ಹಾಕಿಕೊಂಡರೆ ಎರಡು ಗಿಟಾರ್ ಬೇರೆ ಬೇರೆ ಕೇಳುತ್ತವೆ. ಒಂದು ಗಂಟಲು ಬಿಗಿದು ಕೂಗುತ್ತಿರುತ್ತದೆ, ಅದು ನೀಲ್. ಇನ್ನೊಂದು ಪಕ್ಕದಲ್ಲಿ ಕೂತು ಹ್ಞೂಂ, ಹ್ಞೂಂ ಅಂತ ಹೂಂಗುಟ್ಟುತ್ತಾ ಇರುತ್ತದೆ, ನಡುವೆ ಒಂದೊಂದು ಮಾತು ಎಸೆಯುತ್ತದೆ. ಅದು ಡ್ಯಾನಿ. ನನಗೆ ಜಗಲಿಯ ಮೇಲೆ ಕೂತು ಹರಟುವ ಇಬ್ಬರು ನೆನಪಾದರು. ಪುಸ್ತಕದಲ್ಲಿ ‘ಎರಡನೇ ಗಿಟಾರ್: ಡ್ಯಾನಿ ವಿಟನ್, ಚೆನ್ನಾಗಿದಾನೆ’ ಅಂತ ಬರೆದೆ.

ನಾಲ್ಕನೇ ವಾರ, 1972ರ ಹಾರ್ವೆಸ್ಟ್. ನನ್ನ ಕ್ಯಾಸೆಟ್ಟಿನ ಆ ಪುಟ್ಟ ಹಾಡು, ‘ದ ನೀಡಲ್ ಅಂಡ್ ದ ಡ್ಯಾಮೇಜ್ ಡನ್’. ಎರಡೇ ನಿಮಿಷ. 1971ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಜನರೆದುರು ಹಾಡಿದ್ದು, ಚಪ್ಪಾಳೆ ಅಲ್ಲಿಯದು. ಹೆರಾಯಿನ್ ಚುಚ್ಚಿಕೊಳ್ಳುವವರ ಬಗ್ಗೆ ಅಂತ ಮುಂಚೆಯೇ ಗೊತ್ತಿತ್ತು. ಯಾರನ್ನು ಮನಸ್ಸಲ್ಲಿಟ್ಟುಕೊಂಡು ಅಂತ ಈಗ ಓದಿದೆ. ಡ್ಯಾನಿಯನ್ನು. ಹಾಡು ಬಂದಾಗ ಅವನಿನ್ನೂ ಬದುಕಿದ್ದ.

1972ರ ನವೆಂಬರ್‌ನಲ್ಲಿ ಹೊಸ ಪ್ರವಾಸಕ್ಕೆ ತಾಲೀಮು ನಡೆಯುತ್ತಿತ್ತು. ಡ್ಯಾನಿಗೆ ನುಡಿಸಲು ಆಗುತ್ತಿರಲಿಲ್ಲ. ನೀಲ್ ಅವನನ್ನು ವಾಪಸ್ ಕಳಿಸಿದ. ಅದೇ ರಾತ್ರಿ ಲಾಸ್ ಏಂಜಲೀಸ್‌ನಲ್ಲಿ ಡ್ಯಾನಿ ಸತ್ತ. ಆ ಪ್ರವಾಸದ ಹಾಡುಗಳೇ ಟೈಮ್ ಫೇಡ್ಸ್ ಅವೇ. ಅದು ಯಾಕಷ್ಟು ಹರಕಲು, ಯಾಕಷ್ಟು ಕೋಪ ಅಂತ ಈಗ ಅರ್ಥವಾಗುತ್ತದೆ. ಮರುವರ್ಷ ಅವರ ಸಾಮಾನು ಸಾಗಿಸುತ್ತಿದ್ದ ಬ್ರೂಸ್ ಬೆರ್ರಿ ಅನ್ನುವ ಹುಡುಗನೂ ಅದೇ ದಾರಿ ಹಿಡಿದ. ಉಳಿದವರು 1973ರ ಆಗಸ್ಟ್‌ನಲ್ಲಿ ಹಾಲಿವುಡ್‌ನ ಒಂದು ತಾಲೀಮು ಕೋಣೆಯಲ್ಲಿ ಸೇರಿ, ಟಕೀಲಾ ಕುಡಿಯುತ್ತಾ, ಇಬ್ಬರಿಗೂ ತಿಥಿ ಮಾಡಿದ ಹಾಗೆ ಹಾಡಿದರು. ಅದು ಟುನೈಟ್ಸ್ ದ ನೈಟ್. ಹೊರಗೆ ಬಂದದ್ದು ಮಾತ್ರ 1975ರಲ್ಲಿ.

ಆ ವಾರ ಪಕ್ಕದ ಸೀಟಿನ ಟೀಚರ್ ಕೇಳಿದರು, “ಏನ್ರೀ ದಿನಾ ಕೇಳ್ತೀರಾ? ಕೊಡಿ ಇಲ್ಲಿ.” ಒಂದು ಕಿವಿಯದ್ದು ಕೊಟ್ಟೆ. ಅರ್ಧ ನಿಮಿಷ ಕೇಳಿದರು. “ಯಾರೋ ಕುಡಿದು ಹಾಡ್ತಿದಾರಲ್ರೀ!” “ಹೌದು ಟೀಚರ್, ಕುಡಿದೇ ಹಾಡ್ತಿರೋದು.” “ಮತ್ತೆ?” ಅಂದರು. ಮತ್ತೆ ಏನು ಹೇಳುವುದು, ಹಿರೇಹಳ್ಳಿ ಸ್ಟೇಷನ್ ದಾಟುವುದರೊಳಗೆ ಇದೆಲ್ಲ ಹೇಳಲು ಆಗುತ್ತದಾ?

ಆ ಆಲ್ಬಂ ನಡುವೆ ಒಂದು ಹಾಡು ಬರುತ್ತದೆ, ಉತ್ಸಾಹದ್ದು, ಡೌನ್‌ಟೌನ್‌ಗೆ ಹೋಗೋಣ ಬಾ ಅನ್ನುವಂಥದ್ದು. ಮಿಕ್ಕ ಹಾಡುಗಳ ದನಿಯಲ್ಲ ಅದು. ಕಾಲಂ ತುಂಬಲು ವಿವರ ಹುಡುಕಿದೆ. 1970ರ ಮಾರ್ಚ್, ನ್ಯೂಯಾರ್ಕ್‌ನ ಫಿಲ್‌ಮೋರ್ ಈಸ್ಟ್ ಸಭಾಂಗಣ. ಹಾಡಿದ್ದು ಡ್ಯಾನಿ ವಿಟನ್. ಅವನ ತಿಥಿಯ ಆಲ್ಬಂನಲ್ಲಿ ಅವನದೇ ಹಾಡು ಸೇರಿಸಿದ್ದಾರೆ. ನಾನು ಬಂದ ಕ್ರಮದಲ್ಲಿ ಕೇಳದೆ ಇದ್ದರೆ, ಎರಡನೇ ವಾರ ಅವನ ಹೆಸರು ಬರೆದುಕೊಳ್ಳದೆ ಇದ್ದರೆ, ಇದು ‘ಪರವಾಗಿಲ್ಲ, ಒಂದು ಚುರುಕು ಹಾಡು’ ಅಷ್ಟೇ ಆಗುತ್ತಿತ್ತು. ಚಿಕ್ಕಬಾಣಾವರದಲ್ಲಿ ಸಿಗ್ನಲ್‌ಗೆ ನಿಂತಿದ್ದ ರೈಲಿನಲ್ಲಿ ಅದನ್ನು ನಾಲ್ಕು ಸಲ ಕೇಳಿದೆ. ನಿಯಮ ಮುರಿದದ್ದು ಅದೊಂದು ದಿನ.

ವಿಮರ್ಶೆ ಮೊದಲೇ ಓದಬೇಡಿ. ಅದರಲ್ಲೂ ಯಾವುದು ಒಳ್ಳೆಯದು ಯಾವುದು ಕೆಟ್ಟದ್ದು ಅನ್ನುವ ರ‍್ಯಾಂಕ್ ಪಟ್ಟಿ ಬೇಡವೇ ಬೇಡ. ಶುಕ್ರವಾರ ನಿಮ್ಮ ಸಾಲು ಬರೆದ ಮೇಲೆ ಓದಿ. ಇದಕ್ಕೆ ಒಂದೇ ಒಂದು ವಿನಾಯಿತಿ, ಅದನ್ನು ನೂರೈವತ್ತು ರೂಪಾಯಿ ಕೊಟ್ಟು ಕಲಿತೆ. 2014ರ ಎ ಲೆಟರ್ ಹೋಮ್ ಹಾಕಿದೆ. ಬರೀ ಕರಕರ, ಹಳೇ ರೇಡಿಯೋ ಥರ. ಇಯರ್‌ಫೋನ್ ವೈರ್ ಹೋಯಿತು ಅಂದುಕೊಂಡು ಸ್ಟೇಷನ್ ಹೊರಗೆ ಹೊಸದು ತಗೊಂಡೆ. ಮಾರನೇ ದಿನವೂ ಅದೇ ಕರಕರ! ಆಮೇಲೆ ಗೊತ್ತಾಯಿತು, ನ್ಯಾಶ್‌ವಿಲ್‌ನಲ್ಲಿ ಜ್ಯಾಕ್ ವೈಟ್ ಅನ್ನುವ ಇನ್ನೊಬ್ಬ ರಾಕ್ ಹಾಡುಗಾರನ ಅಂಗಡಿಯಲ್ಲಿರುವ 1947ರ ಕಾಲದ ರೆಕಾರ್ಡಿಂಗ್ ಡಬ್ಬದೊಳಗೆ ನಿಂತು ಹಾಡಿದ್ದಾನೆ ಪುಣ್ಯಾತ್ಮ. ಫೋನ್ ಬೂತಿನಷ್ಟೇ ಇರುತ್ತದೆ ಅದು. ಹಾಗಾಗಿ ಹೇಗೆ, ಎಲ್ಲಿ ರೆಕಾರ್ಡ್ ಮಾಡಿದ್ದು ಅನ್ನುವುದಿಷ್ಟನ್ನು ಮೊದಲೇ ನೋಡಿಕೊಳ್ಳಿ.

ಇನ್ನು ಎಂಬತ್ತರ ದಶಕ. ಹಳೆಯ ರಾಕ್ ಹಾಡುಗಾರರಲ್ಲಿ ಬಹಳ ಜನರಿಗೆ ಇದು ಶನಿಕಾಟದ ಕಾಲ. ಕೇಳುವವರು ಬಿಟ್ಟು ಓಡುವುದೂ ಇಲ್ಲೇ. 1981ರ ರಿಯಾಕ್ಟರ್‌ನಲ್ಲಿ ಒಂದು ಹಾಡಿದೆ, ಒಂಬತ್ತು ನಿಮಿಷ, ಆಲೂಗೆಡ್ಡೆ ಇದೆ ಮಾಂಸ ಇಲ್ಲ ಅನ್ನುವುದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತಾನೆ. ಸೋಮವಾರ ನಕ್ಕೆ. ಮಂಗಳವಾರ ರೇಗಿತು. ಶುಕ್ರವಾರ ಓದಿದೆ: ಆಗ ಅವನ ಪುಟ್ಟ ಮಗ ಬೆನ್‌ಗೆ ಸೆರೆಬ್ರಲ್ ಪಾಲ್ಸಿ, ದಿನದ ಬಹುಪಾಲು ಮಗುವಿನ ವ್ಯಾಯಾಮ ಚಿಕಿತ್ಸೆಗೇ ಹೋಗುತ್ತಿತ್ತು, ಉಳಿದ ಚೂರುಪಾರು ಹೊತ್ತಲ್ಲಿ ಹಾಡು. ಹಾಡು ಒಳ್ಳೆಯದಾಗಲಿಲ್ಲ, ಆದರೆ ನನ್ನ ರೇಗಾಟ ಇಳಿಯಿತು.

ಅದಾದ ಮೇಲೆ ಟ್ರಾನ್ಸ್. ಬಹಳಷ್ಟು ಹಾಡುಗಳಲ್ಲಿ ದನಿ ವೋಕೋಡರ್ ಯಂತ್ರದೊಳಗೆ ಹೋಗಿ ರೋಬೋಟ್ ಆಗಿ ಬರುತ್ತದೆ. ಹಾರ್ವೆಸ್ಟ್ ಬೇಕು ಅಂತ ಬಂದವರು ಕೈ ಮುಗಿದು ಎದ್ದು ಹೋಗುವಂಥದ್ದು. ಇಲ್ಲಿ ಒಂದು ಉಪಾಯ ಕೆಲಸ ಮಾಡುತ್ತದೆ: ಅದೇ ಹಾಡನ್ನು ಮುಂದೆ ಎಲ್ಲಾದರೂ ಬೇರೆ ಥರ ಹಾಡಿದ್ದಾನಾ ಅಂತ ಹುಡುಕಿ. ‘ಟ್ರಾನ್ಸ್‌ಫಾರ್ಮರ್ ಮ್ಯಾನ್’ ಅನ್ನು 1993ರ ಅನ್‌ಪ್ಲಗ್ಡ್ ಅನ್ನುವ ಲೈವ್ ಆಲ್ಬಂನಲ್ಲಿ ಯಂತ್ರ ಗಿಂತ್ರ ಇಲ್ಲದೆ ಹಾಡಿದ್ದಾನೆ. ಅದನ್ನು ಕೇಳಿದೆ. ಲಾಲಿ ಹಾಡಿನಂತಿದೆ! ಮಾತು ಬಾರದ ಮಗನ ಮೇಲಿನ ಹಾಡದು. ಮಗ ಏನು ಹೇಳುತ್ತಾನೋ ಅಪ್ಪನಿಗೆ ತಿಳಿಯದು, ಅದಕ್ಕೇ ಅಪ್ಪ ಹೇಳುವುದೂ ಕೇಳುವವರಿಗೆ ತಿಳಿಯದ ಹಾಗೆ ಹಾಡಿದ್ದಾನೆ. ವಾಪಸ್ ಟ್ರಾನ್ಸ್‌ಗೆ ಹೋದೆ. ರೋಬೋಟ್ ದನಿ ಅದೇ, ನನ್ನ ಕಿವಿ ಬೇರೆ ಆಗಿತ್ತು.

ಟ್ರಾನ್ಸ್ ಆದಮೇಲೆ ಅವನು ಕಂಟ್ರಿ (ಅಮೆರಿಕದ ಹಳ್ಳಿ ಸೊಗಡಿನ) ಹಾಡು ಮಾಡಿಕೊಂಡು ಹೋದರೆ ಅವನ ಆಲ್ಬಂ ಹೊರತರುತ್ತಿದ್ದ ಗೆಫೆನ್ ಕಂಪನಿಯವರು ಬೇಡ, ರಾಕ್ ಅಂಡ್ ರೋಲ್ ಕೊಡಿ ಅಂದರು. ತಗೊಳ್ಳಿ ಅಂತ ಐವತ್ತರ ದಶಕದ ಶೈಲಿಯ ಎವ್ರಿಬಡೀಸ್ ರಾಕಿನ್ ಕೊಟ್ಟ, ಬರೀ 25 ನಿಮಿಷದ್ದು. ಕಂಪನಿ ಅವನ ಮೇಲೆ 33 ಲಕ್ಷ ಡಾಲರ್ ದಾವೆ ಹಾಕಿತು. ಕಾರಣ, ಈ ಆಲ್ಬಂಗಳು ವ್ಯಾಪಾರಕ್ಕೆ ಆಗುವಂಥವಲ್ಲ, ಅವನ ಹಿಂದಿನ ಹಾಡುಗಳ ಹಾಗಿಲ್ಲ ಅಂತ. ಅಂದರೆ ನೀಲ್ ಯಂಗ್ ನೀಲ್ ಯಂಗ್ ಥರ ಇಲ್ಲ ಅಂತ ಕೇಸು! ಅಕೌಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಕಳೆದಿದ್ದೇನೆ, ಇಂಥ ಬಾಕಿ ವಸೂಲಿ ನೋಡಿಲ್ಲ.

ಈ ಭಾಗದಲ್ಲಿ ವಾರಕ್ಕೆ ಎರಡು ಆಲ್ಬಂ ಮಾಡಿ, ತಪ್ಪಿಲ್ಲ. ಮೂರು ಸಲದ ನಿಯಮವನ್ನೂ ಎರಡಕ್ಕೆ ಇಳಿಸಿ. ಆದರೆ ಹಾರಿಸಬೇಡಿ. 1986ರ ಲ್ಯಾಂಡಿಂಗ್ ಆನ್ ವಾಟರ್‌ನಲ್ಲಿ ಡ್ರಮ್ಸ್ ಯಾರೋ ತಗಡಿನ ಡಬ್ಬ ಬಡಿದಂತಿದೆ, ನನ್ನ ಒಂದು ಸಾಲಿನ ಕಾಲಂನಲ್ಲಿ ‘ತಲೆನೋವು, ಮಾತ್ರೆ ತಗೊಂಡೆ’ ಅಂತಲೇ ಇದೆ. ಅದೆಲ್ಲ ದಾಟಿಕೊಂಡು 1989ರ ಫ್ರೀಡಂಗೆ ಬಂದು ತಲುಪಿದ ಸೋಮವಾರ ಬೆಳಗ್ಗೆ ಮಾತ್ರ, ನಾಲ್ಕು ತಿಂಗಳು ಊರಲ್ಲಿಲ್ಲದ ನೆಂಟ ಗೇಟು ತೆಗೆದುಕೊಂಡು ಒಳಗೆ ಬಂದ ಹಾಗಿತ್ತು. ನೇರವಾಗಿ ಫ್ರೀಡಂ ಕೇಳಿದ್ದರೆ ಅದು ಬರೀ ಒಳ್ಳೆಯ ಆಲ್ಬಂ.

ತೊಂಬತ್ತರ ನಂತರ ಆಲ್ಬಂಗಳು ಉದ್ದವಾಗುತ್ತವೆ. ಸಿಡಿಯಲ್ಲಿ ಜಾಗ ಜಾಸ್ತಿ, ಹಾಡುಗಾರರಿಗೆ ಕೈ ಬಿಗಿ ಇಲ್ಲ. 2012ರ ಸೈಕಡೆಲಿಕ್ ಪಿಲ್‌ನ ಮೊದಲ ಹಾಡೇ 27 ನಿಮಿಷ. ತುಮಕೂರಲ್ಲಿ ಶುರುವಾದದ್ದು ದಾಬಸ್‌ಪೇಟೆ ದಾಟಿದರೂ ಮುಗಿಯಲಿಲ್ಲ. ಇಂಥವನ್ನು ಎರಡು ವಾರಕ್ಕೆ ಹರಡಿಕೊಳ್ಳಿ. 2010ರ ಲೆ ನಾಯ್ಸ್ ಮಾತ್ರ ಚಿಕ್ಕದು, ಬರೀ ಅವನು ಮತ್ತು ಗಿಟಾರ್. ಮಳೆಗಾಲದಲ್ಲಿ ಕೇಳಿ.

ಪಟ್ಟಿ ಒಂದು ಸುತ್ತು ಮುಗಿದ ಮೇಲೆ ಬೇಕಿದ್ದರೆ ಎರಡನೇ ಸುತ್ತು, ಈ ಸಲ ರೆಕಾರ್ಡ್ ಆದ ಕ್ರಮದಲ್ಲಿ. ಮೊದಲ ಸುತ್ತಿಗೆ ಇದನ್ನು ಮಾಡಬೇಡಿ, ತಲೆ ಕೆಡುತ್ತದೆ. ಹೋಮ್‌ಗ್ರೋನ್ ಅನ್ನುವ ಆಲ್ಬಂ 1974-75ರಲ್ಲಿ ತಯಾರಾಗಿತ್ತು. ಗೆಳೆಯರಿಗೆ ಅದನ್ನೂ ಟುನೈಟ್ಸ್ ದ ನೈಟನ್ನೂ ಒಟ್ಟಿಗೆ ಕೇಳಿಸಿದ ನೀಲ್, ಎರಡನೆಯದನ್ನು ಬಿಡುಗಡೆ ಮಾಡಿ ಮೊದಲನೆಯದನ್ನು ಬೀರುವಿನಲ್ಲಿಟ್ಟ. ಅದು ಆಚೆ ಬಂದದ್ದು 2020ರಲ್ಲಿ. ನನ್ನ ಪುಸ್ತಕದಲ್ಲಿ 2020ರ ಪುಟದಿಂದ 1975ರ ಪುಟಕ್ಕೆ ಕೆಂಪು ಶಾಯಿಯಲ್ಲಿ ಒಂದು ಉದ್ದ ಬಾಣ ಇದೆ.

ಅಣ್ಣನಿಗೆ ಫೋನ್ ಮಾಡಿ ‘ವರ್ಡ್ಸ್’ ಕೇಳಿಸಿದೆ. “ಚಪ್ಪಾಳೆ ಆದ್ಮೇಲೂ ಇತ್ತೇನೇ?” ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಆ ಗಜಲ್ ಕಡೇದೂ ಪೂರ್ತಿ ಇತ್ತೋ ಇಲ್ವೋ” ಅಂದ.

ಕೊನೆಯದಾಗಿ, ಪುಸ್ತಕದ ಹಿಂದೆ ನಾಲ್ಕೈದು ಹಾಳೆ ಖಾಲಿ ಬಿಡಿ. ನಾನು ಬಿಟ್ಟಿರಲಿಲ್ಲ. ಕೊನೆಯ ಪುಟದ ಕೊನೆಯ ಗೆರೆಗೆ ಮುಗಿಸಿ, ಅಡಿಗೆರೆ ಎರಡು ಸಲ ಎಳೆದು, ಲೆಕ್ಕ ಮುಚ್ಚಿದೆ ಅಂತ ಹೆಮ್ಮೆಪಟ್ಟೆ. 2025ರ ಜೂನ್‌ನಲ್ಲಿ ಟಾಕಿನ್ ಟು ದ ಟ್ರೀಸ್ ಬಂತು. ಅದನ್ನು ರಟ್ಟಿನ ಒಳಮೈಗೆ ಬರೆದಿದ್ದೇನೆ.